ಮಗುಚಿಟ್ಟ ಬಾಣಲೆ

"ಬೆಂಕಿ ಇದೆ, ಬಿಸಿ ಇಲ್ಲ" ಅಂತ ಫೋನು.
ಮೂವತ್ತು ವರ್ಷದ ಒಲೆ ರಿಪೇರಿಯಲ್ಲಿ
ಇಂಥ ದೂರು ಇದೇ ಮೊದಲು.
ಉರಿ ಬರಲ್ಲ ಅಂದವರುಂಟು, ವಾಸನೆ ಅಂದವರುಂಟು,
ಪಾತ್ರೆಗೆ ಮಸಿ ಹಿಡಿಯುತ್ತೆ ಅಂತ
ನಡುರಾತ್ರಿ ಅತ್ತವಳೂ ಒಬ್ಬಳಿದ್ದಳು.
ಸ್ಪ್ಯಾನರು, ಸೋಪುನೀರಿನ ಡಬ್ಬಿ, ಜೆಟ್ಟು ಬಿಡಿಸುವ ಪಿನ್ನು
ಚೀಲಕ್ಕೆ ತುರುಕಿ ಸ್ಕೂಟರ್ ಹತ್ತಿದೆ.
ಕೈಮರದ ಚೆಕ್‌ಪೋಸ್ಟ್ ದಾಟುವಷ್ಟರಲ್ಲಿ
ಕಿವಿ ನನ್ನದಲ್ಲ, ಬೆರಳು ಇನ್ಯಾರದೋ.

ಅತ್ತಿಗುಂಡಿಗಿಂತ ಕೆಳಗೆ, ಹೋಂಸ್ಟೇ ಅಂಗಳ.
ಕರಿ ಗ್ರಾನೈಟಿನ ಮೇಜು, ಅದರ ನಡುವೆ ಕುಳಿ,
ಕುಳಿಯ ತುಂಬ ನೀಲಿ ಗಾಜಿನ ಹರಳು,
ಹರಳ ಮೇಲೆ ಮೊಳದುದ್ದದ ಜ್ವಾಲೆ,
ಫೋಟೋದಲ್ಲಿ ಇದ್ದ ಹಾಗೇ.
ಸುತ್ತ ಎಂಟು ಕುರ್ಚಿ, ಎಂಟು ಶಾಲು, ಎಂಟು ಮುದ್ದೆ ಜನ.
ದಾವಣಗೆರೆ ಕಡೆಯ ಅಜ್ಜಿ ಕೈ ಚಾಚಿ, ಹಿಂದಕ್ಕೆಳೆದು
"ಟೀವಿಯೊಳಗಿನ ಬೆಂಕಿ ಇದ್ದಂಗೈತಲ್ಲೋ" ಅಂದಳು.
"ಒಂದೂವರೆ ಲಕ್ಷ, ಲಿಗೋರಿ" ಅಂದರು ಶರ್ವಾಣಿ ಮೇಡಂ,
ಬೆಲೆ ಹೇಳಿದರೆ ಬಿಸಿ ಏರೀತು ಎಂಬಂತೆ.

ಮೊದಲು ಸಿಲಿಂಡರ್ ಮುಟ್ಟಿದೆ.
ಬುಡದಲ್ಲಿ ಬೆಳ್ಳಗೆ ಹಿಮ.
ಬೆಂಕಿ ಕೊಡುವವನಿಗೇ ಚಳಿಜ್ವರ!
ಒಂದರ ಪಕ್ಕ ಇನ್ನೊಂದನ್ನು ಜೋಡಿಸಿದೆ,
ಭಾರ ಹಂಚಿಕೊಳ್ಳಲಿ.
ಬರ್ನರ್ ಕೊಳವೆಯಲ್ಲಿ ಜೇಡ ಮನೆ ಕಟ್ಟಿತ್ತು,
ಕ್ಷಮೆ ಕೇಳಿ ಕೊಡವಿದೆ.
ಗಾಜು ಅರ್ಧಕ್ಕರ್ಧ ತೆಗೆಸಿದೆ.
ಹೊಳೆಗಲ್ಲು ತುಂಬಲು ಓಡಿದ ಹುಡುಗನನ್ನು ತಡೆದೆ:
ಅದರ ಹೊಟ್ಟೆಯಲ್ಲಿ ನೀರಿರುತ್ತೆ ಮಾರಾಯ, ಸಿಡಿಯುತ್ತೆ.

ಉರಿ ಎದ್ದಿತು. ಈಗಲೂ ಅಷ್ಟೇ, ನೆಟ್ಟಗೆ ಮೇಲಕ್ಕೆ.
ಜ್ವಾಲೆಗೆ ಅಕ್ಕಪಕ್ಕದವರ ಪರಿಚಯವಿಲ್ಲ,
ತಲೆ ಎತ್ತಿದರೆ ಮುಗಿಯಿತು,
ನಕ್ಷತ್ರಕ್ಕೆ ನೀರು ಕಾಯಿಸಲು ಹೊರಟೇಬಿಡುತ್ತೆ.
ಅಡ್ಡ ಒಂದು ಬೇಕು.

ಅಡುಗೆಮನೆಯ ಫಿಲೋಮಿನಾ ಅಟ್ಟದಿಂದ ಇಳಿಸಿದಳು
ಒಂದು ಕಿವಿ ಮುರಿದ ಕಬ್ಬಿಣದ ಬಾಣಲೆ,
ಅವಳ ಅಕ್ಕನ ಮದುವೆಗೆ ಕಲ್‌ಕಲ್ ಕರಿದದ್ದಂತೆ.
ಮನೆ ಕಟ್ಟಿ ಉಳಿದ ಕಂಬಿಯಲ್ಲಿ ಮೂರು ಕಾಲು ಬಗ್ಗಿಸಿ
ಉರಿಯ ನೆತ್ತಿಗೆ ಮಗುಚಿಟ್ಟೆ.
ಜ್ವಾಲೆ ಹೋಗಿ ಗುದ್ದಿತು, ತಬ್ಬಿಬ್ಬಾಯಿತು,
ಅಂಚು ಹಿಡಿದು ಸುತ್ತಲೂ ಇಳಿಯಿತು.
ಕಬ್ಬಿಣ ಒಂದೇ ಸಲಕ್ಕೆ ಮಾತಾಡುವುದಿಲ್ಲ,
ಹತ್ತು ನಿಮಿಷ ಕಾದೆವು.
ಆಮೇಲೆ ಅಜ್ಜಿಯೇ ಮೊದಲು ಶಾಲು ಜಾರಿಸಿದಳು.
"ಮೊಣಕಾಲಿಗೆ ಗೊತ್ತಾತು ನೋಡು."

ಮೂವತ್ತು ವರ್ಷ ನಾನು ಮಾಡಿದ್ದೇನು?
ಬಿಸಿಯೆಲ್ಲ ಪಾತ್ರೆಯ ತಳಕ್ಕೇ ಹೋಗಲಿ,
ಬೇಯಿಸುವವಳ ಮುಖಕ್ಕೆ ಸೋರದಿರಲಿ ಅಂತ
ಉಂಗುರ ಬಿಗಿದೆ, ಉರಿ ನೀಲಿಗಿಳಿಸಿದೆ, ಬಿಲ್ಲು ಹರಿದೆ.
ಇವತ್ತು ಪಾತ್ರೆಯೇ ಬೋರಲು,
ಬೇಯಲು ಏನೂ ಇಲ್ಲ,
ಸೋರುವುದೇ ಕೆಲಸ.

"ಚೆಂದ ಕಾಣಲ್ಲ" ಅಂದರು ಮೇಡಂ ಮೆಲ್ಲಗೆ.
"ಫೋಟೋ ಆಗುವವರೆಗೆ ಬಾಣಲೆ ಇಡಬೇಡಿ.
ಆರಿಸಿ, ಆರಿದ ಮೇಲೆ ಇಕ್ಕಳದಲ್ಲಿ ಇಡಿ, ಮತ್ತೆ ಹಚ್ಚಿ."
ಎರಡು ಕುರ್ಚಿ ಆಗಲೇ ಒಂದಡಿ ಒಳಗೆ ಬಂದಿದ್ದವು,
ಉಳಿದವೂ ಸುಮ್ಮನೆ ಹಿಂಬಾಲಿಸಿದವು.

"ಮಾಮ, ಬೆನ್ನಿಗೆ?" ಕೇಳಿದ ಅಜ್ಜಿಯ ಮೊಮ್ಮಗ.
ಬೆನ್ನಿಗೆ ಯಾವ ಜೆಟ್ಟೂ ಇಲ್ಲಪ್ಪ, ತಿರುಗಿ ಕೂರು.
ಅವನ ಜೊತೆ ನಾನೂ ತಿರುಗಿ ಕೂತು
ಬಿಲ್ಲು ಬರೆದೆ: ನಾನೂರೈವತ್ತು, ಪೆಟ್ರೋಲು ಬೇರೆ.
ಬಾಣಲೆಗೆ ಏನು ಹಾಕಲಿ ಅಂತ ಹೊಳೆಯಲಿಲ್ಲ.
ಸೋಪುನೀರು ಹಚ್ಚಿ ಕೊನೆಗೊಮ್ಮೆ ಪೈಪು ನೋಡಿದೆ,
ಗುಳ್ಳೆ ಇಲ್ಲ.

ಇಳಿಜಾರಿನುದ್ದಕ್ಕೂ ಎದೆಗೆ ಗಾಳಿ ಗುದ್ದುತ್ತಿತ್ತು.
ಅಂಗಿಯ ಹಿಂಬದಿ ಮಾತ್ರ
ಕೈಮರ ಬರುವವರೆಗೂ ಬೆಚ್ಚಗಿತ್ತು,
ಹಿಂದಿನ ಸೀಟಲ್ಲಿ ಯಾರೋ ಒರಗಿ ಕೂತ ಹಾಗೆ.